ಅಂಚು ದಾಟಿದ ಮೇಲೆ

"ಒತ್ತಿದೆ ಕಣೋ ಅಣ್ಣ! ನಿನ್ನ ಗೊಂಬೆಗೇ ಕಿವಿ ಕೇಳಲ್ಲ," ಎಂದು ತಂಗಿ ಗುಂಡಿಯನ್ನು ಮತ್ತೆ ಕುಟ್ಟಿದಳು. ಪರದೆಯ ಮೇಲೆ ಹಳದಿ ಅಂಗಿಯ ಪುಟ್ಟ ಮನುಷ್ಯ ಬಂಡೆಯ ಅಂಚಿನಿಂದ ಏಳನೆಯ ಸಲ ಕಂದಕಕ್ಕೆ ಬಿದ್ದ.

ಗೇಮ್ ಕಂಪನಿಗೆ ಸೇರಿ ಅಣ್ಣನಿಗೆ ಎರಡು ತಿಂಗಳಾಗಿತ್ತು. ಅದಕ್ಕೆ ಮೊದಲು ಹದಿಮೂರು ವರ್ಷ ನೌಕರಿಯ ಅರ್ಜಿಗಳನ್ನು ಸ್ವೀಕರಿಸುವ ಸಾಫ್ಟ್‌ವೇರ್ ಬರೆದಿದ್ದ. ಇಲ್ಲಿ ಮೊದಲು ವಹಿಸಿದ ಕೆಲಸ, ಗುಂಡಿ ಒತ್ತಿದಾಗ ಗೊಂಬೆ ಕಂದಕ ದಾಟುವ ಈ ಜಿಗಿತ. ಗೇಮ್ ಆಡಿ ಗೊತ್ತಿಲ್ಲದವರನ್ನು ಮನೆಯಿಂದ ಕರೆತಂದು ಆಡಿಸಿ ನೋಡುವುದು ಇಲ್ಲಿನ ರೂಢಿ. ಮೂರು ವರ್ಷಗಳಿಂದ ಲೆಕ್ಕಕ್ಕಷ್ಟೇ ಮಾತಾಡುತ್ತಿದ್ದ ತಂಗಿ ಕರೆದೊಡನೆ ಬಂದಿದ್ದು ಅವನಿಗೇ ಆಶ್ಚರ್ಯವಾಗಿತ್ತು.

ಪಕ್ಕದ ಪರದೆಯ ಅಂಕಿಗಳನ್ನು ನೋಡಿದ. ಗೊಂಬೆಯ ಕಾಲು ಅಂಚು ದಾಟಿ ಸೆಕೆಂಡಿನ ನೂರರಲ್ಲಿ ಏಳು ಭಾಗ ಕಳೆದ ಬಳಿಕ ಅವಳ ಬೆರಳು ಗುಂಡಿಯ ಮೇಲೆ ಬಿದ್ದಿತ್ತು.

"ನೀನು ಒತ್ತಿದ್ದು ತಡವಾಗಿ," ಎಂದ.

ತಂಗಿ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ಆವಾಗ್ಲೂ ನೀನು ಇದನ್ನೇ ಹೇಳಿದ್ದೆ."

ಮೂರು ವರ್ಷದ ಹಿಂದೆ ಅವಳು ಕಾಲೇಜಿನ ಪ್ರಯೋಗಾಲಯದ ಹುದ್ದೆಯೊಂದಕ್ಕೆ ಅರ್ಜಿ ಹಾಕಿದ್ದಳು. ವಯೋಮಿತಿಯ ಕೊನೆಯ ವರ್ಷ. ಅರ್ಜಿಗೆ ಸಂಜೆ ಐದರ ಗಡುವು. ಅವಳು ಗುಂಡಿ ಒತ್ತಿದಾಗ ಐದಕ್ಕೆ ಎರಡು ಸೆಕೆಂಡು ಬಾಕಿಯಿತ್ತು. ಅರ್ಜಿ ತಲುಪುವಷ್ಟರಲ್ಲಿ ಮೂರು ಸೆಕೆಂಡು ಮೀರಿ, ಅದು ತಿರಸ್ಕೃತವಾಗಿತ್ತು. ಒತ್ತಿದ ಹೊತ್ತನ್ನಲ್ಲ, ತಲುಪಿದ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯುವಂತೆ ಆ ಸಾಫ್ಟ್‌ವೇರ್ ಬರೆದವನು ಅವನೇ. ಹಾಗೆ ಬರೆಯೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಅವನು ಕೇಳಿರಲೂ ಇಲ್ಲ. "ನಿಯಮ ಎಲ್ಲರಿಗೂ ಒಂದೇ," ಎಂದು ಅಂದು ಊಟಕ್ಕೆ ಕೂತಾಗ ಹೇಳಿದ್ದ. ಅವಳೀಗ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತಿರುತ್ತಾಳೆ.

ತಂಡದ ಮುಖ್ಯಸ್ಥೆ ಹಿಂದಿನಿಂದ ಬಗ್ಗಿ ನೋಡಿದಳು. ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳು. "ಅಂಚು ದಾಟಿದ ತಕ್ಷಣ ಬೀಳಿಸ್ತಿದ್ದೀರಾ ಸರ್? ಪಾಪ ಕಣ್ರೀ! ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಬಿಟ್ಟುಕೊಡಿ."

"ಕಾಲ ಕೆಳಗೆ ನೆಲವೇ ಇಲ್ವಲ್ಲ?"

"ಇಲ್ದೇ ಹೋದ್ರೂ ಜಿಗಿಯೋಕೆ ಬಿಡ್ಬೇಕು. ಮನಸ್ಸು ಓಡಿದಷ್ಟು ಬೆರಳು ಓಡುತ್ತಾ? ಇಲ್ಲಿ ಎಲ್ರೂ ಹೀಗೇ ಬರೆಯೋದು. ಆಡೋರಿಗೆ ಗೊತ್ತೇ ಆಗಲ್ಲ."

"ತುಂಬಾ ಬದಲಾಯಿಸಬೇಕಾಗುತ್ತಾ?"

"ಎರಡು ಸಾಲು. ಅದಕ್ಕೆ ನಿಮ್ಮ ಹದಿಮೂರು ವರ್ಷದ ಅನುಭವ ಎಲ್ಲ ಬೇಡ ಬಿಡಿ," ಎಂದು ನಕ್ಕು ಅವಳು ಮುಂದಿನ ಮೇಜಿಗೆ ಹೋದಳು.

ಅವನು ಬರೆದ. ಎರಡೇ ಸಾಲು. ಮುಗಿದ ಮೇಲೂ ಬೆರಳುಗಳು ಕೀಲಿಗಳ ಮೇಲೆಯೇ ಉಳಿದವು.

"ಇನ್ನೊಂದ್ಸಲ ಆಡ್ತೀಯಾ?"

"ಬಿದ್ರೆ ಎದ್ದು ಮನೆಗೆ ಹೋಗ್ತೀನಿ, ನೋಡು."

ಹಳದಿ ಅಂಗಿಯವನು ಓಡಿದ. ಅಂಚು ಮುಗಿಯಿತು. ಕಾಲ ಕೆಳಗೆ ಏನೂ ಇಲ್ಲದೆ ಒಂದು ಗಳಿಗೆ ಗಾಳಿಯಲ್ಲೇ ಹೆಜ್ಜೆಯಿಟ್ಟು, ಚಂಗನೆ ನೆಗೆದು ಆಚೆಯ ಬಂಡೆಯ ಮೇಲಿಳಿದ.

"ನೋಡಿದ್ಯಾ! ಈ ಸಲ ಸರಿಯಾದ ಹೊತ್ತಿಗೇ ಒತ್ತಿದೆ!" ತಂಗಿ ಅವನ ಭುಜಕ್ಕೆ ಗುದ್ದಿದಳು.

ಪಕ್ಕದ ಪರದೆಯಲ್ಲಿ ಅದೇ ಅಂಕಿ ಇತ್ತು, ನೂರರಲ್ಲಿ ಏಳು. ಅವನು ಅವಳಿಗೆ ಕಾಣದಂತೆ ಆ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿದ.

"ಹೌದು," ಎಂದ. "ನೀನು ಆವಾಗ್ಲೂ ಸರಿಯಾದ ಹೊತ್ತಿಗೇ ಒತ್ತಿದ್ದೆ."