ಅವ್ವ ಕೊಟ್ಟ ಕರಡಿಗೆ

ಗುಂಡ್ಲುಪೇಟೆಯಲ್ಲಿ ಸೋಮೇಶನ ಕೈಗೆ ಕೆಟ್ಟ ಮೋಟಾರು ಕೊಟ್ಟವರೆಲ್ಲ ಅವನನ್ನು ಹೊಗಳುತ್ತಿದ್ದರು. ಮೋಟಾರು ಬಿಟ್ಟು ಬೇರೆ ಏನನ್ನೇ ಕೊಟ್ಟವರೂ ಬೈಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರನ್ನು ಮುಂದಿಟ್ಟುಕೊಂಡು ತಾಮ್ರದ ತಂತಿ ಸುತ್ತಲು ಕೂತರೆ ಅವನಿಗೆ ಹಸಿವಿಲ್ಲ, ನೀರಡಿಕೆಯಿಲ್ಲ, ಹೆಂಡತಿಯ ಮಿಸ್ ಕಾಲ್ ಕಿವಿಗೇ ಬೀಳುವುದಿಲ್ಲ. ಎದ್ದರೆ ಮಾತ್ರ ಕೆಟ್ಟಿತು. ಟೀ ಕುಡಿಯಲು ಹೊರಟವನು ದಾರಿಯಲ್ಲಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿರುತ್ತಿದ್ದ, ಇತ್ತ ಅಂಗಡಿಯ ಬಾಗಿಲು ಹಾರುಹೊಡೆದು ಬಿದ್ದಿರುತ್ತಿತ್ತು.

ತನ್ನನ್ನು ತಾನು ಸಂಭಾಳಿಸಿಕೊಳ್ಳಲು ಅವನು ಪಟ್ಟ ಪಾಡು ಒಂದೆರಡಲ್ಲ. ಬೀಗದ ಕೈಯನ್ನು ಉಡಿದಾರಕ್ಕೇ ಕಟ್ಟಿಕೊಂಡಿದ್ದ. ಮಾಡಬೇಕಾದ ಕೆಲಸವನ್ನು ಬೆಳಿಗ್ಗೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದ, ಮಧ್ಯಾಹ್ನದೊಳಗೆ ಗ್ರೀಸು ಅದನ್ನು ಒರೆಸಿಹಾಕುತ್ತಿತ್ತು. ಹಂಗಳದ ರೈತನೊಬ್ಬನ ಮೋಟಾರನ್ನು ಸೋಮವಾರಕ್ಕೆ ಕೊಡುತ್ತೇನೆಂದವನು ಗುರುವಾರ ಆ ರೈತ ಎದುರಿಗೆ ಸಿಕ್ಕಾಗ, ದೇವರಾಣೆಗೂ ಇವತ್ತೇ ಸೋಮವಾರ ಎಂದುಕೊಂಡಿದ್ದ.

ಒಮ್ಮೆ ಅವ್ವ ದೊಡ್ಡಮಲ್ಲಮ್ಮನನ್ನೇ ಮರೆತಿದ್ದ. ಉಡಿಗಾಲದ ಅವಳ ತವರಿನಲ್ಲಿ ಮದುವೆ. ಸಂಜೆ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ, ರಸ್ತೆಯಲ್ಲೇ ನಿಂತಿರು ಅಂದಿದ್ದ. ಕತ್ತಲಾದ ಮೇಲೆ ಮುದುಕಿ ಬಸ್ಸಿಳಿದು ಒಬ್ಬಳೇ ಮನೆಗೆ ಬಂದಳು. ಸೊಸೆ ಶಶಿರೇಖಾ ಗಂಡನ ಕಡೆ ಕಣ್ಣು ಕೆಂಪಗೆ ಮಾಡಿದ್ದೇ ತಡ, "ಅವುನ್ಗ್ಯಾಕ್ ಬೈದೀಯೆ ಬುಡಮ್ಮಿ, ನಾನೇ ಬಸ್ಸಲ್ ಬತ್ತೀನಿ ಅಂದಿದ್ದಿ" ಅಂದುಬಿಟ್ಟಳು. ಅವ್ವ ಹಾಗೆ ಅಂದಿರಲಿಲ್ಲ ಎನ್ನುವುದು ಸೋಮೇಶನಿಗೆ ಗೊತ್ತಿತ್ತು. ಅವ್ವ ಬೈದಿದ್ದರೆ ಅವನು ಅವತ್ತು ನೆಮ್ಮದಿಯಾಗಿ ಉಣ್ಣುತ್ತಿದ್ದ.

ಶಶಿರೇಖಾ ಹೈಸ್ಕೂಲು ಟೀಚರು. ಪತ್ರಿಕೆಯ ಆರೋಗ್ಯದ ಪುಟದಲ್ಲಿ ಏನೋ ಓದಿ, ಅದರಲ್ಲಿ ಗಂಡನ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಇದೆ ಅನ್ನಿಸಿ, ಅವನನ್ನು ಮೈಸೂರಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದಳು. ಡಾಕ್ಟರು ಬಾಲ್ಯದಿಂದ ಎಲ್ಲವನ್ನೂ ಕೇಳಿದರು. ಇದು ಸೋಮಾರಿತನವಲ್ಲ, ಉಡಾಫೆಯೂ ಅಲ್ಲ, ಗಮನ ಒಂದು ಕಡೆ ನಿಲ್ಲದ ತೊಂದರೆ, ಎಡಿಎಚ್‌ಡಿ ಅನ್ನುತ್ತೇವೆ, ದೊಡ್ಡವರಲ್ಲೂ ಇರುತ್ತದೆ ಅಂದರು. ಗುಳಿಗೆ ಬರೆದುಕೊಟ್ಟು, ಕೈಯಲ್ಲಿರುವ ಕೆಲಸ ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ ಎಂದೂ ಹೇಳಿದರು. ಸೋಮೇಶ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದ. ಆಮೇಲೆ ಮಾತ್ರ ಬೇರೆಯದೇ ಒಂದು ಅಳುಕು ಹುಟ್ಟಿಕೊಂಡಿತು. ಏನಾದರೂ ಮರೆತಾಗ ಆ ಇಂಗ್ಲಿಷ್ ಹೆಸರು ನಾಲಗೆಯ ತುದಿಗೆ ಬರುತ್ತಿತ್ತು. ಅದು ಕಾರಣವೋ, ತಾನು ಹುಡುಕಿಕೊಂಡ ನೆಪವೋ ಎಂದು ತನ್ನನ್ನೇ ಅನುಮಾನಿಸುತ್ತಿದ್ದ. ಅವ್ವನಿಗಂತೂ ಇದು ತಮಾಷೆ. "ಉಟ್ದಾಗ್ಲಿಂದ ಇರಾದ್ಕೆ ನಲ್ವತ್ ವರ್ಸಕ್ ನಾಮಕರ್ಣ ಮಾಡುಸ್ಕ ಬಂದ್ಯಾ?" ಅಂದಿದ್ದಳು.

ಬಂಡೀಪುರದ ಕಾಡಿನ ರಸ್ತೆಗೆ ರಾತ್ರಿ ಗೇಟು ಹಾಕಲು ಶುರುಮಾಡಿದ ವರ್ಷ ಅವ್ವನ ಎರಡೂ ಕಣ್ಣಿಗೆ ಪೊರೆ ಬಂತು. ಚಾಮರಾಜನಗರದ ಚಿಕ್ಕದೊಂದು ಕಣ್ಣಾಸ್ಪತ್ರೆಯಲ್ಲಿ ಮೊದಲು ಬಲಗಣ್ಣಿಗೆ ಆಪರೇಷನ್ ಎಂದಾಯಿತು. ಹಿಂದಿನ ಸಂಜೆಯೇ ಸೇರಿಸಿದರು. ಬೆಳಿಗ್ಗೆ ಅವ್ವ ಮುಖ ತೊಳೆದು ವಿಭೂತಿ ಬಳಿಯುವಷ್ಟರಲ್ಲೇ ನರ್ಸ್ ಸುಧಾಮಣಿ ಬಂದು, "ಅಜ್ಜೀ, ಮೊದುಲ್ನೇ ಕೇಸು ನಿಮ್ದೇ, ಕತ್ತಲ್ಲಿರದೆಲ್ಲ ತೆಗ್ದು ಕೊಡಿ" ಅಂದಳು.

ಕತ್ತಿನಲ್ಲಿದ್ದದ್ದು ಇಷ್ಟಲಿಂಗ. ಬೆಳ್ಳಿಯ ಕರಡಿಗೆಯೊಳಗೆ, ದಾರದಲ್ಲಿ ಕಟ್ಟಿ, ಎದೆಯ ಮೇಲೆ ಇಳಿಬಿಟ್ಟದ್ದು. ದೀಕ್ಷೆಯಾದಂದಿನಿಂದ ಅವಳ ಮೈ ಬಿಟ್ಟು ಅಗಲದ್ದು. ದಿನವೂ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವಳು ಬಾಯಿಗೆ ತೊಟ್ಟು ನೀರು ಬಿಟ್ಟವಳಲ್ಲ, ಹೆರಿಗೆಯಾದ ದಿನಗಳಲ್ಲೂ ಆ ನೇಮ ತಪ್ಪಿಸಿದವಳಲ್ಲ. ನರ್ಸ್ ಜೊತೆ ಸ್ವಲ್ಪ ಜಗಳವಾಡಿ, ಸೋತು, ದಾರವನ್ನು ತಲೆಯ ಮೇಲಿಂದ ತೆಗೆದಳು. ಶಶಿರೇಖಾ ಕೈ ಒಡ್ಡಿದಳು. ಅವ್ವ ಅವಳ ಕೈಯನ್ನು ದಾಟಿ ಮಗನ ಅಂಗೈಯಲ್ಲಿ ಇಟ್ಟಳು.

"ಆಚೆಗ್ ಬಂದೇಟ್ಗೆ ಕೊಡು. ಪೂಜೆ ಮಾಡ್ಬುಟ್ಟು ಉಂಡೇನು."

"ಊಂ ಕಣವ್ವ, ನಾನಿಲ್ಲೇ ಇರ್ತಿನಿ" ಎಂದ ಸೋಮೇಶ.

ಶಶಿರೇಖಾ ಇಡ್ಲಿ ತರಲು ಹೋದಳು. ಅವನು ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತ. ನಿಜವಾಗಿಯೂ ಕೂತಿದ್ದ. ಅಷ್ಟರಲ್ಲಿ ಹಿತ್ತಿಲ ಕಡೆಯಿಂದ ಒಂದು ಸದ್ದು ಬಂತು. ನೀರಿನ ಮೋಟಾರು ತಿರುಗಲಾರದೆ ಗುಂಯ್ ಎನ್ನುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಗುಂಯ್ ಎನ್ನುತ್ತಿತ್ತು. ಉಳಿದವರಿಗೆ ಅದು ಬರೀ ಸದ್ದು. ಸೋಮೇಶನಿಗೆ ಯಾರೋ ಹೆಸರು ಹಿಡಿದು ಕೂಗಿದಂತೆ. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಕಾಯಿಲ್ ಸುಟ್ಟೇ ಹೋಗುತ್ತದೆ ಎಂದು ಗೊತ್ತಿದ್ದವನು ಅಲ್ಲಿ ಅವನೊಬ್ಬನೇ. ಎದ್ದು ಹೋದ. "ನಾನು ನೋಡ್ತೀನಿ" ಎಂದು ಸುಧಾಮಣಿಗೆ ಹೇಳಿದ.

ಆಮೇಲಿನದು ಅವನಿಗೆ ತುಂಡು ತುಂಡಾಗಿ ನೆನಪಿದೆ. ಟರ್ಮಿನಲ್ಲಿನ ವೈರು ಸುಟ್ಟು ಕರ್ರಗಾಗಿತ್ತು. ಕಾವಲುಗಾರನ ಹತ್ತಿರ ಇಕ್ಕಳ ಇಸಿದುಕೊಂಡ. ಸುಟ್ಟದ್ದನ್ನು ಕತ್ತರಿಸಿ, ಕೆರೆದು, ತಿರುಚಿ ಕೂರಿಸುವುದರಲ್ಲಿ ಲೋಕವೇ ಇಲ್ಲದಂತಾಯಿತು, ಮತ್ತು ಹೇಳಲು ನಾಚಿಕೆಯಾದರೂ ಹೇಳಬೇಕು, ಸುಖವಾಗಿತ್ತು. ಸುಧಾಮಣಿ ಬಂದು "ಅಜ್ಜಿ ಆಗ್ಲೇ ಆಚೆಗ್ ಬಂದವ್ರೆ, ನಿಮ್ಮನ್ನ ಕೇಳ್ತಾವ್ರೆ" ಎಂದು ಕೂಗಿದಾಗ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಓಡಿದ.

ಅವ್ವ ಮಂಚದ ಮೇಲೆ ಒರಗಿದ್ದಳು. ಬಲಗಣ್ಣಿಗೆ ದಪ್ಪ ಪಟ್ಟಿ. ಎಡಗಣ್ಣಿಗೆ ಪೊರೆಯ ಮಂಜು. ಕೈ ಚಾಚಿದಳು.

"ಕೊಡ್ಲಾ ಮಗ."

ಸೋಮೇಶ ಜೇಬಿಗೆ ಕೈ ಹಾಕಿದ. ಬಸ್ ಟಿಕೆಟ್ಟು, ಒಂದು ಫ್ಯೂಸು, ನಟ್ಟು, ಗುಳಿಗೆಯ ಪಟ್ಟಿ. ಅವನ ಜೇಬಿನಲ್ಲಿ ಫ್ಯೂಸು ಸಿಗುವುದು ಪೂಜಾರಿಯ ಜೇಬಿನಲ್ಲಿ ಕುಂಕುಮ ಸಿಕ್ಕಷ್ಟೇ ಸಹಜ. ಎಲ್ಲವನ್ನೂ ವಾಪಸ್ಸು ತುರುಕಿ ಇನ್ನೊಂದು ಜೇಬು ನೋಡಿದ. ಅಲ್ಲೂ ಇಲ್ಲ.

"ತೊಳ್ಕಂಡ್ ತತ್ತೀನಿ ತಡಿಯವ್ವ" ಎಂದು ಹೊರಗೆ ಬಂದ.

ಬೆಂಚಿನ ಮೇಲಿಲ್ಲ, ಕೆಳಗಿಲ್ಲ. ಕೌಂಟರಿನಲ್ಲಿ ಕೇಳಿದ. ಮೋಟಾರಿನ ಶೆಡ್ಡಿಗೆ ಓಡಿ ನೆಲವನ್ನೆಲ್ಲ ತಡಕಿದ, ಪೈಪಿನ ಸಂದಿ ನೋಡಿದ, ಇಕ್ಕಳ ಬಿಟ್ಟಲ್ಲೇ ಬಿದ್ದಿತ್ತು. ಭದ್ರವಾದ ಜಾಗದಲ್ಲೇ ಇಟ್ಟಿದ್ದೇನೆ ಎನ್ನುವುದು ಮಾತ್ರ ಖಾತ್ರಿಯಿತ್ತು. ಅವನು ಕಳೆದದ್ದೆಲ್ಲ ಭದ್ರವಾದ ಜಾಗದಲ್ಲಿಟ್ಟೇ ಕಳೆದದ್ದು.

ಇಡ್ಲಿ ಹಿಡಿದು ಬಂದ ಶಶಿರೇಖಾ ಅವನ ಮುಖ ನೋಡಿಯೇ ಪೊಟ್ಟಣವನ್ನು ಬೆಂಚಿನ ಮೇಲಿಟ್ಟಳು. ಬೈಯಲಿಲ್ಲ. ಅವಳೂ ಬಗ್ಗಿ ಹುಡುಕಿದಳು. ಒಳಗಿನಿಂದ ಸುಧಾಮಣಿಯ ದನಿ ಕೇಳುತ್ತಿತ್ತು: "ಅಜ್ಜೀ, ಸಕ್ರೆ ಕಾಯ್ಲೆ ಇಟ್ಕಂಡು ಇಷ್ಟೊತ್ತು ಖಾಲಿ ಹೊಟ್ಟೇಲಿರಬಾರ್ದು, ಕೈ ನಡುಗ್ತಾ ಅದೆ ನೋಡಿ." ಅದಕ್ಕೆ ಅವ್ವನ ಉತ್ತರ: "ನನ್ಮಗ ತತ್ತಾವ್ನೆ, ಇರು ತಾಯಿ."

ಆ ಮಾತು ಕೇಳಿ ಸೋಮೇಶನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಚ್ಚಲಿಗೆ ಹೋಗಿ, ಗ್ರೀಸೆಲ್ಲ ಹೋಗುವಂತೆ ಕೈ ತೊಳೆದು, ತನ್ನ ಕೊರಳಿನ ಲಿಂಗವನ್ನು ತೆಗೆದು ಅದರ ಬಟ್ಟೆಯ ಗಂಟು ಬಿಚ್ಚಿದ.

ಬಾಗಿಲಲ್ಲಿ ಶಶಿರೇಖಾ ನಿಂತಿದ್ದಳು. "ರೀ, ಬೇಡ. ಒಬ್ಬರದು ಇನ್ನೊಬ್ಬರ ಕೈಗೆ ಕೊಡೋ ವಸ್ತುವಾ ಇದು? ಅತ್ತೆಗೆ ನಿಜ ಹೇಳಿಬಿಡಿ."

"ಯೋಳುದ್ರೆ ಅವ್ವ ತೊಟ್ಟು ನೀರೂ ಕುಡಿಯಾಕಿಲ್ಲ ಕಣೆ. ಅವುಳ್ಗೇನಾರಾ ಆದ್ರೆ?"

ಅದು ಅರ್ಧ ನಿಜ. ಇನ್ನರ್ಧ, ಕಳೆದುಬಿಟ್ಟೆ ಎಂದು ಆ ಮುಖಕ್ಕೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಅವ್ವನಿಗೆ ಈಗ ಕಣ್ಣು ಕಾಣುವುದಿಲ್ಲ ಎನ್ನುವುದೂ ಅವನ ಮನಸ್ಸಿನಲ್ಲಿ ಹಾದುಹೋಯಿತು. ಹಾದುಹೋದದ್ದಕ್ಕೆ ಅವನು ತನ್ನನ್ನು ಬಹಳ ದಿನ ಕ್ಷಮಿಸಲಿಲ್ಲ.

"ಕರಡಿಗೇನ ತೊಳ್ದು ಒಣಗಾಕಿವ್ನಿ" ಎಂದು ಒಳಗೆ ಬಂದು ಸುಳ್ಳು ಹೇಳಿ, ಲಿಂಗವನ್ನು ಅವ್ವನ ಎಡ ಅಂಗೈಯಲ್ಲಿಟ್ಟು, ಬಿಚ್ಚಿದ ಬಟ್ಟೆಯನ್ನು ದಾರದ ಸಮೇತ ಮಗ್ಗುಲಲ್ಲಿಟ್ಟ.

ಅವ್ವನ ಬೆರಳುಗಳು ಮಡಚಿಕೊಂಡವು, ಹಾಗೇ ನಿಂತವು. ಪಟ್ಟಿ ಕಟ್ಟಿದ ಮುಖ ಒಂದಿಷ್ಟು ಹೊತ್ತು ಅವನ ಕಡೆಗಿತ್ತು. ಆಮೇಲೆ ಅವಳು ಎಂದಿನಂತೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಬಾಯಲ್ಲೇ ಜಪ ಮಾಡಿಕೊಂಡು, ಅಂಗೈಯನ್ನು ಹಣೆಗೆ ಮುಟ್ಟಿಸಿಕೊಂಡಳು. ಸೊಸೆ ಮುರಿದುಕೊಟ್ಟ ಇಡ್ಲಿಯನ್ನು ಒಂದೊಂದೇ ತುತ್ತಾಗಿ ತಿಂದಳು. ಅವ್ವನ ನೇಮವನ್ನು ಅವ್ವನಿಗೇ ಗೊತ್ತಿಲ್ಲದಂತೆ ಮುರಿಸಿಬಿಟ್ಟೆನಲ್ಲ ಎಂದು ಸೋಮೇಶ ಗೋಡೆಯ ಕಡೆ ತಿರುಗಿ ನಿಂತ.

ಕೈ ತೊಳೆಸೋಣವೆಂದು ಶಶಿರೇಖಾ ನಲ್ಲಿ ತಿರುಗಿಸಿದರೆ ನೀರಿಲ್ಲ. ಸುಧಾಮಣಿ ಸಿಡಿಮಿಡಿಗೊಂಡು ಬಂದಳು. "ಟ್ಯಾಂಕೇ ಖಾಲಿ ಆಗದೆ! ಮೋಟ್ರು ನೋಡ್ತೀನಿ ಅಂತ ಹೋದೋರು ನೀವೇ ಅಲ್ವಾ? ಈಗ ಸ್ವಿಚ್ ಹಾಕುದ್ರೆ ಸದ್ದೂ ಇಲ್ಲ."

ಸದ್ದೂ ಇಲ್ಲ ಎಂದರೆ ಕರೆಂಟೇ ಹೋಗುತ್ತಿಲ್ಲ. ಸೋಮೇಶ ಜೇಬಿನಿಂದ ಫ್ಯೂಸನ್ನು ತೆಗೆದು ನೋಡಿದ. ಅದು ಅವನದಲ್ಲ. ಮೋಟಾರಿಗೆ ಕೈ ಹಾಕುವ ಮುಂಚೆ ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳುವುದು ಅವನ ಕಸುಬಿನ ಕ್ರಮ. ಹಿಂದಿನಿಂದ ಯಾರಾದರೂ ಸ್ವಿಚ್ ಒತ್ತಿದರೆ ಜೀವ ಹೋಗುತ್ತದೆ. ಎಲ್ಲವನ್ನೂ ಮರೆಯುವ ಕೈ ಅದೊಂದನ್ನು ಯಾವತ್ತೂ ಮರೆತಿರಲಿಲ್ಲ. ಹಾಗಾದರೆ ಫ್ಯೂಸು ಜೇಬಿಗೆ ಹೋದಾಗ ಕರಡಿಗೆ ಎಲ್ಲಿಗೆ ಹೋಯಿತು?

ಓಡಿ ಹೋಗಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದ. ಪೆಟ್ಟಿಗೆಯ ತಳದಲ್ಲಿ, ಅವನದೇ ಕರ್ಚೀಫಿನಲ್ಲಿ ನಾಲ್ಕು ಮಡಿಕೆ ಸುತ್ತಿದ್ದ ಕರಡಿಗೆ ತಣ್ಣಗೆ ಕೂತಿತ್ತು. ಗ್ರೀಸಿನ ಕೈಯಲ್ಲಿ ಮುಟ್ಟಬಾರದು, ನೆಲದ ಮೇಲೆ ಇಡಬಾರದು, ಯಾರ ಕಾಲೂ ತಗುಲಬಾರದು ಎಂದು ಅಷ್ಟೆಲ್ಲ ಯೋಚಿಸಿ ಅವನೇ ಇಟ್ಟದ್ದು. ಮುಚ್ಚಳ ಹಾಕುತ್ತಿದ್ದಂತೆ ಅಷ್ಟೂ ಮನಸ್ಸಿನಿಂದ ಇಳಿದುಹೋಗಿತ್ತು. ಅಲ್ಲೇ ಕುಕ್ಕರಿಸಿ ಅತ್ತ. ಆಮೇಲೆ, ಈ ಸಲವಾದರೂ ಕೈಯಲ್ಲಿದ್ದ ಕೆಲಸ ಮುಗಿಸಿ, ಫ್ಯೂಸು ಹಾಕಿ, ಮೋಟಾರು ತಿರುಗಿದ್ದನ್ನು ಕೇಳಿಸಿಕೊಂಡು, ಕೈ ತೊಳೆದು ಒಳಗೆ ಬಂದ.

ಕರಡಿಗೆಯನ್ನು ಅವ್ವನ ಕೈಯಲ್ಲಿಟ್ಟ. ಅವಳು ಹೆಬ್ಬೆರಳಿನಿಂದ ಅದರ ಮುಚ್ಚಳವನ್ನು ಸವರಿದಳು.

"ಎಲ್ಲಿತ್ಲಾ?"

"ಫ್ಯೂಸ್ ಪೆಟ್ಗೇಲಿ."

"ಬದ್ರವಾದ್ ಜಾಗವೇಯ" ಎಂದಳು ಅವ್ವ.

"ನಿಂಗ್ ಗೊತ್ತಾಗಿತ್ತಾ ಅವ್ವ?"

"ಇಷ್ಟ್ ವರ್ಸ ಅದ್ನ ಇಡ್ಕಂಡಿರ ಅಂಗೈ ಕಣ. ಪಟ್ಟಿ ಕಟ್ಟಿರಾದು ಕಣ್ಗೆ."

"ಗೊತ್ತಾಗಿಯೂ ಯಾಕುಂಡೆ? ಒಂದಿನ್ವೂ ನೇಮ ಬುಟ್ಟೋಳಲ್ಲ ನೀನು. ನನ್ಗೆ ಉಗಿಬೇಕಾಗಿತ್ತು ಕಣವ್ವ."

ಅವ್ವ ಅವನ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡಿದ್ದಳು. ಬಗ್ಗು ಎಂದು ಸನ್ನೆ ಮಾಡಿ, ತಡವರಿಸುವ ಕೈಯಲ್ಲಿ ಅದನ್ನು ಅವನ ಕೊರಳಿಗೆ ಹಾಕಿ, ದಾರವನ್ನು ಎಳೆದು ನೋಡಿದಳು.

"ಕೈಗ್ ಕೊಟ್ಟದ್ದು ನನ್ ತಪ್ಪು. ಇನ್ನೊಂದ್ ಕಣ್ಣು ಮಾಡ್ಸಾಗ ನಿನ್ ಕತ್ಗೇ ಕಟ್ಟೇನು." ಮತ್ತೆ ಹೇಳಿದಳು, "ನೀನು ಎಲ್ಲಾನೂ ಮರೀತೀಯೆ ಮಗ. ನಾನು ಉಣ್ದೆ ಬಿದ್ದಿದ್ರೆ ಅದೊಂದ್ನ ಮಾತ್ರ ಸಾಯಗಂಟ ಮರೀತಿರ್ನಿಲ್ಲ. ಅದ್ಕೇ ನಾನ್ ಉಂಡಿ. ನಿನ್ ಲಿಂಗ ನನ್ ಕೈಲಿತ್ತು, ನೀನಿನ್ನೂ ಉಂಡಿಲ್ಲ. ಓಗು, ಪೂಜೆ ಮಾಡ್ಬುಟ್ಟು ಉಣ್ಣೋಗು."

ಸೋಮೇಶ ಬೆಂಚಿನ ಮೇಲೆ ಕೂತು, ಬಹಳ ದಿನಗಳಾದ ಮೇಲೆ, ಲಿಂಗವನ್ನು ಅಂಗೈಯಲ್ಲಿಟ್ಟು ನೋಡಿದ. ಸ್ವಲ್ಪ ಹೊತ್ತು ನೋಟ ನಿಂತಿತು. ಆಮೇಲೆ ಹಿತ್ತಿಲಲ್ಲಿ ತಿರುಗುತ್ತಿದ್ದ ಮೋಟಾರಿನ ಕಡೆಗೆ ಕಿವಿ ಹೋಯಿತು, ಎಳೆದು ತಂದ, ಮತ್ತೆ ಹೋಯಿತು. ಶಶಿರೇಖಾ ಉಳಿದ ಇಡ್ಲಿಯನ್ನು ಬಿಚ್ಚಿ ಅವನ ಪಕ್ಕದಲ್ಲಿಟ್ಟಳು.

ಅವ್ವ ಎಣಿಸಿದ್ದು ಅಲ್ಲೊಂದು ಕಡೆ ತಪ್ಪಿತ್ತು. ಅವಳು ಉಣ್ಣದಿದ್ದರೆ ಅವನು ಮರೆಯುತ್ತಿರಲಿಲ್ಲ, ನಿಜ. ತನಗಾಗಿ ಅವಳು ಉಂಡದ್ದನ್ನೂ ಅವನು ಮರೆಯಲಿಲ್ಲ.