ಹಾನ್ಸ್ ಆಡಮ್‌ನ ಮನೆಬಾಗಿಲು

ನಮ್ಮ ಕ್ರೈಡರ್ ವಂಶದ ಮೂಲಪುರುಷ ಹಾನ್ಸ್ ಆಡಮ್. ಜರ್ಮನಿಯಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾದ ಈ ಕಣಿವೆಗೆ ಬಂದವನು. ಅವನ ಗುರುತು ಹುಡುಕುತ್ತಾ ನಾನು ಸುತ್ತದ ಚರ್ಚಿಲ್ಲ, ಪಾಚಿ ಕೆರೆಯದ ಗೋರಿಯಿಲ್ಲ. ಪುಣ್ಯಾತ್ಮ ಎಲ್ಲೂ ಸಿಕ್ಕಿರಲಿಲ್ಲ. ಉಳಿದಿದ್ದು ತೊರೆಯ ಪಕ್ಕದ ಕಲ್ಲಿನ ಮನೆಯೊಂದೇ. ಅದು ಅವನೇ ಕಟ್ಟಿದ್ದೆಂದು ವರ್ನಾ ಅತ್ತೆ ಆಣೆಯಿಟ್ಟು ಹೇಳುತ್ತಾಳೆ. ಅವಳು ಹುಟ್ಟಿ ಬೆಳೆದದ್ದು ಅಲ್ಲೇ.

ಆದರೆ ಮನೆ ಈಗ ನನ್ನ ಚಿಕ್ಕಪ್ಪನ ಮಗ ಕ್ಲೇಟನ್‌ನದು. ಆ ಜಾಗದಲ್ಲಿ ಅವನಿಗೆ ಹಸುಗಳಿಗೊಂದು ಹೊಸ ಕೊಟ್ಟಿಗೆ ಬೇಕಂತೆ.

"ಹಾನ್ಸ್ ಆಡಮ್ ಮನೆ ಯಾವತ್ತೋ ಸುಟ್ಟುಹೋಯ್ತು ಅಂತ ನಮ್ಮಪ್ಪ ಹೇಳ್ತಿದ್ದ ಕಣೇ ಎಲ್ಡಾ. ಆ ಕಾಲದಲ್ಲಿ ನಮ್ಮೋರು ಮನೆ ಕಟ್ಟಿದ್ರೆ ಬಾಗಿಲ ಮೇಲೆ ಗಂಡ ಹೆಂಡ್ತಿ ಹೆಸರಿನ ಕಲ್ಲು ಕೂರಿಸ್ದೆ ಬಿಡ್ತಿದ್ರಾ? ಎಲ್ಲಿದೆ ತೋರ್ಸು! ತೋರ್ಸಿದ್ರೆ ಮನೆ ಮುಟ್ಟಲ್ಲ. ಇಲ್ದಿದ್ರೆ ಸೋಮವಾರ ಕೆಡವ್ತೀನಿ."

ಮೊಂಡ! ಆದರೆ ಕೊಟ್ಟ ಮಾತಿಗೆ ತಪ್ಪುವವನಲ್ಲ.

ಭಾನುವಾರ ವಂಶದವರೆಲ್ಲ ವರ್ಷಕ್ಕೊಮ್ಮೆ ಸೇರುವ ದಿನ. ಅಂಗಳದ ತುಂಬ ಮೇಜುಗಳು, ಹಂದಿಮಾಂಸ, ಹುಳಿ ಎಲೆಕೋಸು, ಮಕ್ಕಳ ಗಲಾಟೆ. ನಾನು ಮಾತ್ರ ಊಟ ಬಿಟ್ಟು ಮುಂಬಾಗಿಲು ತೆರೆದಿಟ್ಟು, ಏಣಿ ಹತ್ತಿ, ಅದರ ಮೇಲಿನ ಗೋಡೆಯನ್ನು ಕೆರೆಯುತ್ತಿದ್ದೆ. ಎಷ್ಟು ಕೆರೆದರೂ ಬರೀ ಕಾಡುಗಲ್ಲು. ಅತ್ತೆಗೆ ಯಾವ ಮುಖ ತೋರಿಸಲಿ?

ಅಷ್ಟರಲ್ಲಿ ಕಾರಿನಿಂದ ವರ್ನಾ ಅತ್ತೆ ಇಳಿದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕಾಕಂಬಿ ಪೈ. ನನ್ನನ್ನು ನೋಡಿದ್ದೇ ಗಾಬರಿಯಾದಳು.

"ಅಯ್ಯೋ, ಯಾರೇ ಸತ್ರು?"

"ಯಾರೂ ಇಲ್ಲ ಅತ್ತೆ!"

"ಮತ್ಯಾಕೆ ಮುಂಬಾಗಿಲು ತೆಗೆದಿದೀಯ? ಹೆಣ ಹೊರಗೆ ಹೋಗೋಕೆ, ಪಾದ್ರಿ ಒಳಗೆ ಬರೋಕೆ ಬಿಟ್ರೆ ಅದನ್ನ ಯಾರಾದ್ರೂ ತೆಗೀತಾರಾ? ಬದುಕಿರೋರೆಲ್ಲ ಅಡುಗೆಮನೆ ಬಾಗಿಲಲ್ಲೇ ಅಲ್ವೇನೇ ಓಡಾಡೋದು!"

ಏಣಿಯ ಮೇಲೇ ನಾನು ಹಣೆ ಚಚ್ಚಿಕೊಂಡೆ. ನಾನೂ ಹುಟ್ಟಿದಾಗಿನಿಂದ ಓಡಾಡಿದ್ದು ಅಡುಗೆಮನೆ ಬಾಗಿಲಲ್ಲೇ. ಗೋರಿಗಳನ್ನು ಸುತ್ತಿ ಸುತ್ತಿ ನನ್ನ ಬುದ್ಧಿಯೂ ಸತ್ತವರ ಬಾಗಿಲಿಗೇ ಹೋಗಿತ್ತು.

ಏಣಿ ಹೊತ್ತು ಹಿತ್ತಲಿಗೆ ಓಡಿದೆ. ಅಡುಗೆಮನೆ ಬಾಗಿಲ ಮೇಲೆ ಸುಣ್ಣ ಮೆತ್ತಿದ ಒಂದು ದಪ್ಪ ಉಬ್ಬು.

ಹಿಂದೆಯೇ ಬಂದ ಅತ್ತೆ ಊರುಗೋಲೆತ್ತಿ ತೋರಿಸಿದಳು. "ಪ್ರತಿ ವಸಂತಕ್ಕೂ ಅದಕ್ಕೆ ಸುಣ್ಣ ಬಳೀತಿದ್ದೋಳು ನಾನೇ ಕಣೇ. ದಪ್ಪಗೆ ಬಳಿ ಅಂತ ಅಮ್ಮ ಬೈತಿದ್ಳು."

"ಲೋ ಕ್ಲೇಟನ್," ಎಂದು ಕೂಗಿದೆ, "ಕೆಡವೋಕೆ ಕೈ ತುರಿಸ್ತಿದೆ ಅಲ್ವಾ? ಬಾ, ಇದನ್ನ ಕೆಡವು."

ಅವನು ಗೊಣಗುತ್ತಲೇ ಹತ್ತಿದ. ಉಳಿ ತಾಗಿದಂತೆ ಸುಣ್ಣ ಹಪ್ಪಳ ಹಪ್ಪಳವಾಗಿ ಅವನ ಗಡ್ಡದ ಮೇಲೆ ಬಿತ್ತು. ಮೊದಲು ಒಂದು ಹೃದಯದ ಚಿತ್ರ ಕಂಡಿತು, ಆಮೇಲೆ ಅಕ್ಷರಗಳು. ಇಡೀ ವಂಶ ತಟ್ಟೆ ಹಿಡಿದುಕೊಂಡೇ ಬಂದು ಸುತ್ತ ನಿಂತಿತು. ಕ್ಲೇಟನ್ ಉಳಿ ಕೆಳಗಿಳಿಸಿ ಕಲ್ಲನ್ನೇ ನೋಡುತ್ತಿದ್ದ.

"ಓದೋ, ಬಾಯಿ ಬಿದ್ದುಹೋಯ್ತಾ?" ಎಂದಳು ಅವನ ಹೆಂಡತಿ ಆರ್ಲೀನ್.

ಅವನು ಕೆಮ್ಮಿ, ನಮ್ಮ ಹಳೆಯ ಜರ್ಮನ್‌ನಲ್ಲಿ ಓದಿದ: "ಸಾವಿರದ ಏಳುನೂರ ಐವತ್ತೆರಡು. ಗೋಡೆ ಕಟ್ಟಿದವನು ಹಾನ್ಸ್ ಆಡಮ್ ಕ್ರೈಡರ್. ಬಾಗಿಲು ಎಲ್ಲಿರಬೇಕೆಂದು ಹೇಳಿದವಳು ಅವನ ಹೆಂಡತಿ ಮಾರಿಯಾ ಎಲಿಜಬೆತ್."

ಒಮ್ಮೆಲೇ ಎದ್ದ ನಗೆಗೆ ಮರದ ಹಕ್ಕಿಗಳೆಲ್ಲ ಹಾರಿಹೋದವು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇಷ್ಟು ವರ್ಷ ಹುಡುಕಿದ ಅಜ್ಜ ಸಿಕ್ಕಿದ್ದ, ಜೊತೆಗೆ ಹುಡುಕದೇ ಇದ್ದ ಅಜ್ಜಿಯೂ ಸಿಕ್ಕಿದ್ದಳು.

ಕ್ಲೇಟನ್ ಟೋಪಿ ತೆಗೆದು ಇಳಿದು ಬಂದ. "ಆಯ್ತು ಅತ್ತೆ. ಮನೆ ಮುಟ್ಟಲ್ಲ. ಆದ್ರೆ ನನ್ನ ಕೊಟ್ಟಿಗೆ?"

ಆರ್ಲೀನ್ ಸೊಂಟದ ಮೇಲೆ ಕೈಯಿಟ್ಟಳು. "ಅದು ಎಲ್ಲಿರಬೇಕು ಅಂತ ನಾನು ಹೇಳ್ತೀನಿ, ಬಾ."

ವರ್ನಾ ಅತ್ತೆ ಆ ಕಲ್ಲಿನ ಕೆಳಗೆ ಕಾಲೊರೆಸಿಕೊಂಡು, ಪೈ ಹಿಡಿದು, ತಾನು ಹುಟ್ಟಿದ ಮನೆಯೊಳಕ್ಕೆ ಹೋದಳು.