ತಳದ ಬಿಳಿ ಉಂಗುರ

ಕುಡಿದಿಟ್ಟ ಲೋಟದ ತಳದಲ್ಲಿ ಒಂದು ಬಿಳಿ ಉಂಗುರ, ಬೆರಳಿನಿಂದ ಉಜ್ಜಿದರೆ ಹೋಗುವುದಿಲ್ಲ, ಉಗುರಿನಿಂದ ಕೆರೆದರೂ ಇಲ್ಲ — ಇರಲಿ, ಐದು ಗಂಟೆಯೊಳಗೆ ಆ ಹುಡುಗಿಗೆ ಉತ್ತರ ಹೋಗಬೇಕು, ಯಾವುದೋ ಪ್ರಯೋಗಾಲಯದ ವಿದ್ಯಾರ್ಥಿನಿ, ಮುಖ ನೋಡಿಲ್ಲ, ಬೆಳಗಿನಿಂದ ಅವಳ ಪತ್ರ ಪರದೆಯ ಮೇಲೆ ತೆರೆದೇ ಇದೆ, ಮೇಡಂ, ನಿಮ್ಮ ಪ್ರಬಂಧದಲ್ಲಿ ಇರೋ ಹಾಗೇ ಎಂಟು ತಿಂಗಳಿಂದ ಮಾಡ್ತಿದೀನಿ, ಬ್ಯಾಕ್ಟೀರಿಯಾ ಒಂದು ಸಲಾನೂ ಗಾಜಿಗೆ ಅಂಟಲಿಲ್ಲ, ನಿನ್ನ ಕೈಯೇ ಸರಿಯಿಲ್ಲ ಅಂತಾರೆ ನಮ್ಮ ಗೈಡು, ನಾಳೆ ಸಮಿತಿ ಕೂರುತ್ತೆ, ನನ್ನನ್ನ ಇಟ್ಕೋಬೇಕೋ ಬೇಡವೋ ಅಂತ, ಪಾತ್ರೆ ಹೇಗೆ ತೊಳೆದಿರಿ ಅನ್ನೋದನ್ನೂ ದಯವಿಟ್ಟು ಇವತ್ತು ಐದರೊಳಗೆ ತಿಳಿಸಿ. ಎಂಟು ತಿಂಗಳು. ನಮ್ಮಲ್ಲಿ ಆರೇ ಗಂಟೆಗೆ ಅಂಟುತ್ತಿತ್ತು, ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ಒಳಗೆಲ್ಲ ಮಂಜು ಕವಿದ ಹಾಗೆ ಲೋಳೆಯ ಪದರ, ಬರಿಯ ಗಾಜಿಗೆ ಅಂಟುವ ತಳಿ ಎಂದು ಬರೆದೆ, ಆ ಒಂದು ಪ್ರಬಂಧದ ಮೇಲೆ ಹನ್ನೊಂದು ವರ್ಷ ಬದುಕಿದ್ದೇನೆ, ಈ ಕುರ್ಚಿ, ಬಾಗಿಲ ಮೇಲಿನ ಹೆಸರು, ಎಲ್ಲ. ವಿಧಾನವೇ ಮೂರು ಪುಟ, ಉಷ್ಣತೆ ದಶಾಂಶದವರೆಗೆ, ನಡುವೆ ಒಂದು ಸಾಲು, ಗಾಜಿನ ಪಾತ್ರೆಗಳನ್ನು ಶುದ್ಧಗೊಳಿಸಲಾಯಿತು — ಯಾರು, ಹೇಗೆ, ಯಾವ ನೀರಿನಲ್ಲಿ, ನನಗೇ ಗೊತ್ತಿರಲಿಲ್ಲ, ಮಧ್ಯಾಹ್ನ ಊಟ ಬಿಟ್ಟು ಅಕ್ಕನಿಗೆ ಫೋನ್ ಮಾಡುವವರೆಗೆ. ನಿವೃತ್ತಿಗೆ ಮೊದಲು ನಮ್ಮ ಪ್ರಯೋಗಾಲಯದ ಗಾಜನ್ನೆಲ್ಲ ತೊಳೆಯುತ್ತಿದ್ದವಳು, ನಾವೆಲ್ಲ ಅಕ್ಕ ಎನ್ನುತ್ತಿದ್ದವಳು. ಫ್ಲಾಸ್ಕು ಹೇಗೆ ತೊಳೀತಿದ್ರಿ ಅಕ್ಕ, ಯಾಕ್ ಮೇಡಂ, ಮನೆ ಕೆಲಸದವಳು ಕೈಕೊಟ್ಳಾ, ಎಂದು ನಕ್ಕಳು, ಆಮೇಲೆ, ಡಿಸ್ಟಿಲ್ ನೀರಲ್ಲೇ ಜಾಲಿಸ್ಬೇಕು ಅಂತ ಸರ್ರು ಗೋಡೆಗೆ ಬರೆದು ಅಂಟಿಸಿದ್ರಲ್ಲ, ಡಿಸ್ಟಿಲ್ ನೀರು ಯಾಕೆ ಅಷ್ಟು ಸುರೀತೀಯ ಅಂತ ಬೈದಿದ್ದೂ ಅವರೇ, ಅದಕ್ಕೇ ಕೊನೇ ಸಲಕ್ಕೆ ಹಿತ್ತಲ ನಲ್ಲಿ ನೀರು ಹಾಕಿ ಒಣಗಿಸಕ್ಕೆ ಇಡ್ತಿದ್ದೆ.

ಹಿತ್ತಲ ನಲ್ಲಿ, ಸೋಪು ಹಾಕಿದರೆ ನೊರೆ ಬಾರದ ಗಡಸು ನೀರು, ಗಾಜಿನ ಮೈಗೆಲ್ಲ ಸುಣ್ಣ, ಬ್ಯಾಕ್ಟೀರಿಯಾ ಕೂತದ್ದು ಗಾಜಿನ ಮೇಲಲ್ಲ, ಸುಣ್ಣದ ಮೇಲೆ, ಮೊದಲ ವರ್ಷದ ಮಕ್ಕಳೂ ಹೇಳಿಯಾರು, ಆದರೆ ಹೋಲಿಕೆಗೆ ಇಟ್ಟ ಫ್ಲಾಸ್ಕುಗಳೂ ಅದೇ ನೀರು ಕಂಡವು, ಅನುಮಾನ ಎಲ್ಲಿಂದ ಬರಬೇಕು. ಈಗಲೂ ವಿಭಾಗದ ಮುಖ್ಯಸ್ಥರಾಗಿರುವ ಸರ್ ಕೋಣೆಗೆ ಓಡಿದೆ, ಇದ್ದದ್ದನ್ನು ಬರೆದುಬಿಡುತ್ತೇನೆ ಎಂದೆ, ತಲೆ ಕೆಟ್ಟಿದೆಯೇನಮ್ಮ, ತಳಿಯ ವ್ಯತ್ಯಾಸ ಇರಬಹುದು ಅಂತ ಎರಡು ಸಾಲು ಗೀಚಿ ಕಳಿಸು, ಈಗೆಲ್ಲ ಬಳಸಿ ಬಿಸಾಕೋ ಪ್ಲಾಸ್ಟಿಕ್ಕು, ತೊಳೆಯೋರ್ಯಾರು, ಕೇಳೋರ್ಯಾರು, ಅದಿರಲಿ, ಈ ವರ್ಷದ್ದು ನಿನ್ನದು ಎಷ್ಟು ಪ್ರಬಂಧ ಆಯ್ತು. ಎಷ್ಟು, ಎಷ್ಟು, ಯಾವಾಗಲೂ ಎಷ್ಟು — ತೊಳೆಯುವ ಕೋಣೆಯ ತೊಟ್ಟಿ ಕಿತ್ತು ನಾಲ್ಕು ಕಂಪ್ಯೂಟರ್ ಪರದೆ ಕೂರಿಸಿದ್ದಾರೆ, ನಾಲ್ಕು ಜನ ಕಿವಿಗೆ ಬಿರಡೆ ಹಾಕಿಕೊಂಡು ಕೂರುತ್ತಾರೆ, ಯಾರೂ ಯಾರ ಕೈ ನೋಡುವುದಿಲ್ಲ, ಮೊದಲು ಹೀಗಿರಲಿಲ್ಲ ಎನ್ನಲು ಹೊರಟೆ, ಆದರೆ ತೊಟ್ಟಿ ಇದ್ದಾಗ ನಾನು ನೋಡಿದ್ದೆನೇ, ಅದರ ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದೆ, ಅಕ್ಕನ ಬೆನ್ನು ನೆನಪಿದೆ, ಕೈ ನೆನಪಿಲ್ಲ. ಫೋನ್ ಇಡುವ ಮೊದಲು ಅಂದಳಲ್ಲ, ಆವತ್ತೇ ಹೇಳಿದ್ನಲ್ಲ ಮೇಡಂ, ತಳದಲ್ಲಿ ಬಿಳೀದು ಕೂರ್ತಿದೆ, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ ಅಂತ, ಫ್ಲಾಸ್ಕು ತಂದು ತೋರಿಸಿದ್ದೆ, ನೀವು ಬರೀತಿದ್ರಿ, ತಲೆ ಎತ್ತಲಿಲ್ಲ, ಇರ್ಲಿ ಬಿಡಕ್ಕ ಅಂದ್ರಿ. ಅಂದಿದ್ದೆ. ಶುದ್ಧಗೊಳಿಸಲಾಯಿತು ಎಂಬ ಆ ಸಾಲನ್ನೇ ಬರೆಯುತ್ತಿದ್ದೆನೋ ಏನೋ.

ನಾಲ್ಕು ಐವತ್ತು, ತಳಿಯ ವ್ಯತ್ಯಾಸ, ಟೈಪು ಮಾಡುತ್ತೇನೆ, ಅಳಿಸುತ್ತೇನೆ, ಸಮಿತಿಯ ಮುಂದೆ ಕೈ ಕಟ್ಟಿ ನಿಲ್ಲುವವಳು ಅವಳು, ನಾನಲ್ಲ, ನಿನ್ನ ಕೈ ಸರಿಯಾಗಿಯೇ ಇದೆಯಮ್ಮ, ಈ ಪತ್ರವನ್ನು ಸಮಿತಿಗೆ ತೋರಿಸು, ತಪ್ಪು ಇದ್ದದ್ದು ನಮ್ಮ ಫ್ಲಾಸ್ಕಿನಲ್ಲಿ — ಬೆರಳು ಅಲ್ಲೇ ನಿಂತಿದೆ, ಹನ್ನೊಂದು ವರ್ಷ, ಆವತ್ತು ಎತ್ತದ ತಲೆ ಎತ್ತುತ್ತೇನೆ, ಅಕ್ಕನ ಒದ್ದೆ ಕೈ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ ಗಾಜು, ನೋಡಿ ಮೇಡಂ, ಇಲ್ಲಿ, ತಳದಲ್ಲಿ, ಬಿಳಿ ಉಂಗುರ